ಇಲಿ ತೆರೆಯದ ಡಬ್ಬಿ

ಇಲಿ ಮೆಟ್ಟುಹಲಗೆಯ ಮೇಲೆ ಹತ್ತಿ ನಿಂತಿತು. ಡಬ್ಬಿಯ ಮುಚ್ಚಳ ಅಲುಗಲಿಲ್ಲ.

ಬಸವನ ಬಾಗೇವಾಡಿಯ ಫೌಜದಾರ ಗುರಲಿಂಗಪ್ಪ ಮುದ್ದೇಬಿಹಾಳದ ತಗಡಿನ ಅಂಗಡಿಯೊಂದರಲ್ಲಿ, ಖಾಕಿ ಪ್ಯಾಂಟಿನ ಇಸ್ತ್ರಿ ಹಾಳಾದರೂ ಹಾಳಾಗಲಿ ಎಂದು ಕುಕ್ಕರಗಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದ. ತಂತಿ ಬಲೆಯೊಳಗಿನ ಇಲಿ ಸಾಮಾನ್ಯದ್ದಲ್ಲ. ಮಾರ್ಕೆಟ್ ಯಾರ್ಡಿನ ಶೇಂಗಾ ತಿಂದು ಬೆಳೆದದ್ದು, ಹೆಗ್ಗಣಕ್ಕೆ ತಮ್ಮನಾಗುವಂಥದ್ದು. ಅದು ಹಲಗೆಯ ಮೇಲೆ ಕುಣಿಯಿತು, ತಗಡಿನ ಅಂಚು ಕಡಿಯಿತು, ಒಳಗಿನ ಜೋಳದ ವಾಸನೆಗೆ ಸಂದು ಹುಡುಕಿತು. ಸಿಗದಿದ್ದಾಗ ಡಬ್ಬಿಗೆ ಬೆನ್ನು ತಿರುಗಿಸಿ ಮೂಲೆ ಸೇರಿತು.

ಅಂಗಡಿಯ ಜೈನುದ್ದೀನ ಆಮೇಲೆ ಒಂದು ಹೇಂಟೆಯನ್ನು ಬಿಟ್ಟ. ಅದು ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ಕಟಕ್ಕೆಂದು ಮುಚ್ಚಳ ಮೇಲೆದ್ದಿತು. ಹೇಂಟೆ ಉಂಡು ಕೆಳಗಿಳಿಯಿತು, ಮುಚ್ಚಳ ಮತ್ತೆ ಬಿಗಿಯಾಗಿ ಕೂತಿತು.

ಗುರಲಿಂಗಪ್ಪನಿಗೆ ಎಷ್ಟೋ ದಿನದ ಮೇಲೆ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. ಇಂಗಳೇಶ್ವರದ ಪರಸಪ್ಪ ಇಲಿಪಾಷಾಣ ಹೊಟ್ಟೆಗೆ ಹೋಗಿ ಸತ್ತಿದ್ದ. ಅವನಿಗೆ ಅಂದು ತತ್ತಿ ಪಲ್ಯ ಕೊಟ್ಟಿದ್ದ ನೆರೆಮನೆಯ ವಿಧವೆ ಮಾಬುಬಿ ಬಾಗೇವಾಡಿಯ ಲಾಕಪ್ಪಿನಲ್ಲಿದ್ದಳು. ನಾಳೆ ಆಕೆಯನ್ನು ಬಿಜಾಪುರದ ಜೈಲಿಗೆ ಒಯ್ಯಬೇಕಿತ್ತು. ಅವಳ ಮನೆಯ ಗೋಡೆಗೂಡಿನಲ್ಲಿ ಪಾಷಾಣದ ಪುಡಿಕೆ ಸಿಕ್ಕಿತ್ತು. ಅದು ಹಳೆಯದು, ಮುದ್ದೇಬಿಹಾಳದ ಈ ಕೋಳಿಕಾಳಿನ ಡಬ್ಬಿ ಬಂದಮೇಲೆ ನನಗೆ ಪಾಷಾಣದ ಗರಜೇ ಬೀಳಲಿಲ್ಲ ಎಂದಷ್ಟೇ ಆಕೆ ಹೇಳಿ ಬಾಯಿ ಮುಚ್ಚಿದ್ದಳು. ಆ ಮಾತು ಖರೆಯೋ ಸುಳ್ಳೋ ಎಂದು ನೋಡಲೆಂದೇ ಫೌಜದಾರ ಇಲ್ಲಿಯವರೆಗೆ ಬಂದಿದ್ದ. ಮಾತು ಖರೆಯಾಗಿತ್ತು.

ಮಾಬುಬಿಯ ಪರವಾಗಿ ಯೋಚಿಸುವವನು ಇಡೀ ತಾಲೂಕಿನಲ್ಲಿ ಅವನೊಬ್ಬನೇ. ಸತ್ತವನ ಸೋದರಮಾವ ಕಾಳಪ್ಪ ಇಂಡಿಯಿಂದ ಬಂದು ಫಿರ್ಯಾದಿ ಕೊಟ್ಟ. ಸಾಯುವ ಹಿಂದಿನ ದಿನ ಪರಸಪ್ಪನೂ ಮಾಬುಬಿಯೂ ಹಿತ್ತಲ ಗೋಡೆಯ ಹತ್ತಿರ ಜಗಳಾಡಿದ್ದನ್ನು ಓಣಿಯವರು ಕೇಳಿದ್ದರು. ಅಷ್ಟು ಸಾಕಾಯಿತು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಮೋರಟಗಿಯ ಅವಳ ತವರಿನಿಂದ ಕೂಡ ಒಂದು ನರಪಿಳ್ಳೆ ಬಂದು ಲಾಕಪ್ಪಿನ ಮುಂದೆ ನಿಂತಿರಲಿಲ್ಲ.

ಇಂಥ ಡಬ್ಬಿ ಆರಿಸಲು ಆಕೆ ಪಟ್ಟ ಪಾಡನ್ನು ಜೈನುದ್ದೀನ ಕೈಯ ಕೆಲಸ ಬಿಟ್ಟು ಹೇಳಿದ. ಎಪ್ಪತ್ತನಾಲ್ಕರಲ್ಲಿ ಬ್ಲಾಕ್ ಆಫೀಸಿನವರು ಊರೂರಿಗೆ ಬಿಳಿ ಕೋಳಿ ಹಂಚಿದ್ದರು. ಹೆಂಗಸರು ಮಣ್ಣಿನ ಪರಿಯಾಣದಲ್ಲಿ ಕಾಳು ಸುರಿದಿಟ್ಟರೆ ಕೋಳಿ ಉಂಡದ್ದಕ್ಕಿಂತ ಇಲಿ ಉಂಡದ್ದೇ ಹೆಚ್ಚು. ಉಂಡು ಸುಮ್ಮನೆ ಹೋಗುತ್ತವೆಯೇ? ತತ್ತಿ ಉರುಳಿಸಿಕೊಂಡು ಹೋದವು, ಮರಿಗಳ ಕಾಲು ಕಡಿದವು.

ಮಾಬುಬಿ ಮೊದಲು ತೂಗುಹಾಕುವ ಡಬ್ಬಿ ಒಯ್ದಳು. ಇಲಿಗಳು ಹಗ್ಗ ಹಿಡಿದು ಮೇಲಿನಿಂದ ಇಳಿದವು. ಸಣ್ಣ ತೂತಿನ ಡಬ್ಬಿ ಒಯ್ದಳು. ಕೋಳಿಯ ಕೊಕ್ಕು ಹೋದಲ್ಲಿ ಇಲಿಯ ಮೂತಿಯೂ ಹೋಯಿತು. ಬೇಸತ್ತು ಜೋಳಕ್ಕೆ ಪಾಷಾಣ ಹಚ್ಚಿ ಇಟ್ಟಳು. ಅದನ್ನು ತಿಂದು ಅವಳ ಒಳ್ಳೆಯ ಹೇಂಟೆಯೇ ಸತ್ತಿತು. ಕೊನೆಗೆ ತನ್ನ ಹಿಂಡಿನ ಎಲ್ಲಕ್ಕಿಂತ ಹಗುರಾದ ಕೋಳಿಯನ್ನು ಬಗಲಲ್ಲಿ ಅವುಚಿಕೊಂಡು ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಬಂದಳು. ಈ ಕೋಳಿ ಕಾಲಿಟ್ಟರೆ ತೆರೆಯಬೇಕು, ನಿಮ್ಮ ಪೇಟೆಯ ದೊಡ್ಡ ಇಲಿ ಹತ್ತಿದರೂ ತೆರೆಯಬಾರದು, ಅಂಥದ್ದು ಮಾಡಿಕೊಡು ಎಂದು ಅಂಗಡಿ ಬಾಗಿಲಲ್ಲಿ ಕೂತಳು. ಮುಚ್ಚಳದ ಹಿಂದೆ ಕಟ್ಟುವ ಕಲ್ಲನ್ನು ಬದಲಿಸಿ ಬದಲಿಸಿ ಜೈನುದ್ದೀನನಿಗೆ ಸಾಕೋ ಸಾಕಾಗಿತ್ತು.

“ಇನ್ನೊಂದ ಮಾತು ನೋಡ್ರಿ ಸಾಹೇಬ್ರ,” ಎಂದು ಜೈನುದ್ದೀನ ಡಬ್ಬಿಯ ಬಾಯಿಯ ಒಳಗೆ ಬೆರಳಾಡಿಸಿದ. ತಗಡನ್ನು ಒಳಮುಖವಾಗಿ ಮಡಚಿದ್ದ. “ಕೋಳಿಗೆ ಕೆದರೋ ಚಟ. ಕೊಕ್ಕಿಲೆ ಕಾಳು ಹೊರಗ ಒಗೀತಾವ. ಈ ಮಡಚಿದ ಅಂಚು ಐತಲ್ರಿ, ಇದರಿಂದ ಒಂದ ಕಾಳೂ ಹೊರಗ ಬೀಳಂಗಿಲ್ಲ.”

ಗುರಲಿಂಗಪ್ಪ ತಲೆಯಾಡಿಸಿದ. ಏನೋ ಕೇಳಿದಂತಾಗಿ ತಲೆಯಾಡಿಸುವುದನ್ನು ನಿಲ್ಲಿಸಿದ.

ಒಂದು ಕಾಳೂ ಹೊರಗೆ ಬೀಳುವುದಿಲ್ಲ.

ಹಾಗಿದ್ದರೆ ಪರಸಪ್ಪನ ತಾಯಿ ರೇವವ್ವ ಆರಿಸಿದ್ದು ಯಾವ ಕಾಳು?

ಬಾಗೇವಾಡಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಅವನಿಗೆ ದಾರಿ ಕಾಣಲಿಲ್ಲ. ರೇವವ್ವನ ಮಾತು ಕಿವಿಯಲ್ಲಿ ತಿರುಗುತ್ತಿತ್ತು. ಮಗ ಸತ್ತ ಮಾರನೆಯ ದಿನ, ಆ ಬೆಳಗ್ಗೆ ಏನೇನು ಮಾಡಿದೆ ಎಂದು ಕೇಳಿದ್ದಕ್ಕೆ ಆ ಮುದುಕಿ ಅತ್ತು ಬತ್ತಿದ ದನಿಯಲ್ಲಿ ಹೇಳಿದ್ದಳು: ಹಿತ್ತಲ ಗುಡಿಸಿದೆ, ಬಿದ್ದ ಜೋಳ ಆರಿಸಿಕೊಂಡೆ, ಬೀಸಿದೆ, ರೊಟ್ಟಿ ಬಡಿದೆ, ಬುತ್ತಿ ಕಟ್ಟಿ ಹೊಲಕ್ಕೆ ಕಳಿಸಿದೆ.

ಅದನ್ನು ಕೇಳಿಯೂ ಅವನು ಕೇಳಿರಲಿಲ್ಲ. ಈ ಸೀಮೆಯಲ್ಲಿ ನೆಲಕ್ಕೆ ಬಿದ್ದ ಕಾಳನ್ನು ಯಾವ ಮುದುಕಿ ತಾನೆ ಕಸಕ್ಕೆ ಗುಡಿಸುತ್ತಾಳೆ? ಅದು ಲಕ್ಷ್ಮಿ. ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವವರು, ಹೆಕ್ಕಿ, ಕೇರಿ, ಬೀಸಿ ಉಣ್ಣುತ್ತಾರೆ. ಎರಡೂ ಮನೆಗೆ ಹಿತ್ತಲು ಒಂದೇ. ಮಾಬುಬಿಯ ಕೋಳಿಗಳು ಕೆದರಿ ಚೆಲ್ಲಿದ ಕಾಳು ರೇವವ್ವನಿಗೆ ಎಂಬುದು ಅವರಿಬ್ಬರ ನಡುವಿನ ಹಳೆಯ ವಾಡಿಕೆ.

ಆದರೆ ಡಬ್ಬಿ ಬಂದ ಮೇಲೆ ಕಾಳು ಚೆಲ್ಲುವುದೇ ನಿಂತಿತ್ತು. ಅಂದು ಹಿತ್ತಲಲ್ಲಿ ಬಿದ್ದದ್ದು ಕೋಳಿಯ ಕಾಳಲ್ಲ, ಯಾರೋ ಕೈಯಾರೆ ಚೆಲ್ಲಿದ ಕಾಳು. ಪಾಷಾಣ ಇದ್ದದ್ದು ತತ್ತಿ ಪಲ್ಯದಲ್ಲಲ್ಲ, ರೊಟ್ಟಿಯಲ್ಲಿ. ರೇವವ್ವನ ಕಣ್ಣಿಗೆ ಪೊರೆ ಬಂದಿತ್ತು. ಕಾಳಿಗೆ ಕಪ್ಪು ಪುಡಿ ಹತ್ತಿದ್ದು ಆಕೆಗೆ ಹೇಗೆ ಕಾಣಬೇಕು? ಅಂದು ಸೋಮವಾರ, ಆಕೆಗೆ ಒಪ್ಪತ್ತು. ದೀಪ ಹಚ್ಚುವವರೆಗೆ ಆಕೆ ಉಣ್ಣುವುದಿಲ್ಲ. ಆ ರೊಟ್ಟಿ ತಿಂದವನು ಮಗ ಒಬ್ಬನೇ.

ಇಷ್ಟಕ್ಕೇ ನಿಂತಿದ್ದರೆ ಅವನು ಬಸ್ಸಿನಲ್ಲೇ ಕೈಮುಗಿಯುತ್ತಿದ್ದನೇನೋ. ಆದರೆ ಬುದ್ಧಿ ಎಂಬುದು ಹೇಳಿದಲ್ಲಿ ನಿಲ್ಲುವ ಎತ್ತಲ್ಲ.

ಪಾಷಾಣದ ಕಾಳು ಹಿತ್ತಲಲ್ಲಿ ಬಿದ್ದಿತ್ತು; ಮಾಬುಬಿಯ ಕೋಳಿಗಳು ಬೆಳಕು ಹರಿಯುವ ಮೊದಲೇ ಅದೇ ಹಿತ್ತಲಿಗೆ ಇಳಿಯುತ್ತವೆ. ಒಂದಾದರೂ ಸಾಯಬೇಕಿತ್ತು. ಸತ್ತಿರಲಿಲ್ಲ. ಅವಳನ್ನು ಹಿಡಿದು ತಂದಾಗಿನಿಂದ ಹವಾಲ್ದಾರ ಅಮಸಿದ್ದನೇ ದಿನಾ ಹೋಗಿ ಆ ಕೋಳಿಗಳಿಗೆ ಕಾಳು ಹಾಕಿ ಬರುತ್ತಿದ್ದ, ಒಂದೂ ಕಡಿಮೆಯಾಗಿರಲಿಲ್ಲ. ಅಂದರೆ ಅಂದು ಬೆಳಗ್ಗೆ ಅವು ಗೂಡಿನಿಂದ ಹೊರಬಂದಿರಲಿಲ್ಲ. ಬಿಡುವವಳು ಬಿಟ್ಟಿರಲಿಲ್ಲ. ಹಿತ್ತಲಲ್ಲಿ ಏನು ಬಿದ್ದಿದೆ ಎಂಬುದು ಮಾಬುಬಿಗೆ ಗೊತ್ತಿತ್ತು.

ಅವಳನ್ನು ಉಳಿಸಲು ಹೋಗಿ ಅವನು ಅವಳ ಕೊರಳಿಗೆ ಹಗ್ಗ ಹೊಸೆದುಕೊಂಡು ಬಂದಿದ್ದ. ಗುಡ್ಡ ಅಗೆದು ಇಲಿ ಹಿಡಿದರೆ ಜನ ನಗುತ್ತಾರೆ. ಇವನು ಇಲಿ ಹಿಡಿಯಲು ಹೋಗಿ ಗುಡ್ಡವನ್ನೇ ಮೈಮೇಲೆ ಕೆಡವಿಕೊಂಡಿದ್ದ. ಕಪ್ಪು ನೆಲದ ಬಿಳಿಜೋಳ ತೆನೆ ತೂಗುತ್ತ ಹಿಂದೆ ಹೋಗುತ್ತಿತ್ತು. ಇಷ್ಟು ಒಳ್ಳೆಯ ಬೆಳೆ ನೋಡಿಯೂ ಮನಸ್ಸು ಹಸಿರಾಗದ ದಿನವೊಂದು ತನಗೆ ಬರುತ್ತದೆಂದು ಗುರಲಿಂಗಪ್ಪ ಎಣಿಸಿರಲಿಲ್ಲ. ಈ ನೌಕರಿಯೇ ಬೇಡವಾಗಿತ್ತು ಅನ್ನಿಸಿತು.

ಸ್ಟೇಶನ್ನಿನಲ್ಲಿ ಅವನು ಟೋಪಿ ಕೂಡ ತೆಗೆಯದೆ ಲಾಕಪ್ಪಿನ ಮುಂದೆ ಹೋಗಿ ನಿಂತ. ಮಾಬುಬಿ ಗೋಡೆಗೆ ಒರಗಿ ಕೂತಿದ್ದಳು. ವಯಸ್ಸು ನಲವತ್ತಿರಬಹುದು, ಈ ದಿನಗಳಲ್ಲಿ ಅರವತ್ತಾಗಿತ್ತು. ಅವಳು ಎಂದಿನಂತೆ ಮೊದಲು ಕೇಳಿದ್ದು ಕೋಳಿಗಳ ಸುದ್ದಿಯನ್ನು. ಜಪ್ತಿ ಮಾಡಿದ ಅವಳ ಡಬ್ಬಿ ಇಲ್ಲೇ ಮೂಲೆಯಲ್ಲಿತ್ತು. ಅವು ಈಗ ಪರಿಯಾಣದಲ್ಲಿ ಉಣ್ಣುತ್ತಿವೆ, ಇಲಿ ಮತ್ತೆ ಬಂದಿರಬೇಕು ಎಂದಳು.

“ಅವತ್ತ ಮುಂಜಾನಿ ಕೋಳಿ ಯಾಕ ಬಿಡಲಿಲ್ಲ, ಮಾಬುಬಿ?”

ಅವಳ ಮುಖದಲ್ಲಿದ್ದ ಚೂರುಪಾರು ಜೀವವೂ ಆರಿತು. ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಅವನು ಬಿಡಲಿಲ್ಲ. ಡಬ್ಬಿಯಿಂದ ಕಾಳು ಚೆಲ್ಲುವುದಿಲ್ಲ ಎಂದ. ಕೋಳಿಯಲ್ಲ, ಯಾರೋ ಕೈಯಾರೆ ಚೆಲ್ಲಿದ್ದಾರೆ ಎಂದ. ಪಲ್ಯಕ್ಕೆ ಬೆಳ್ಳೊಳ್ಳಿ ಹಾಕಿದ್ದೆಯಾ ಎಂದು ಕೇಳಿದ. ಸತ್ತವನ ಬಾಯಿಂದ ಬೆಳ್ಳೊಳ್ಳಿ ವಾಸನೆ ಬಂದಿತ್ತು. ಅದು ಪಲ್ಯದ್ದೇ ಎಂದು ಎಲ್ಲರೂ ತಿಳಿದಿದ್ದರು. ಆ ವಾಸನೆ ಈ ಪಾಷಾಣಕ್ಕೂ ಇರುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದ್ದರು.

ಹಾಕಿರಲಿಲ್ಲ ಎಂದು ಅವಳು ತಲೆಯಾಡಿಸಿದಳು.

“ಹಂಗಾರ ವಿಷ ರೊಟ್ಟ್ಯಾಗಿತ್ತು. ಕಾಳು ಚೆಲ್ಲಿದಾಕಿ ನೀನ ಅಂತ ನಾಳೆ ನಾನ ಬರದು ಕೊಡಬೇಕಾಗತೈತಿ. ನಿನಗ ಫಾಶಿ ಆಗತೈತಿ.”

“ಬರೀರಿ.”

ಇಷ್ಟು ತಣ್ಣಗೆ ಆ ಮಾತು ಬಂದಾಗ ಗುರಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳುವವರನ್ನು ಅವನು ಜೀವಮಾನವೆಲ್ಲ ಕಂಡಿದ್ದ. ಸಾಯಲು ಇಷ್ಟು ಅವಸರ ಮಾಡುವವರನ್ನು ಕಂಡಿರಲಿಲ್ಲ. ಕಂಬಿ ಹಿಡಿದು ಅಲ್ಲಾಡಿಸಿದ. ರೇವವ್ವನನ್ನು ನಾಳೆ ಕೋರ್ಟಿಗೆ ಕರೆಸುತ್ತೇನೆ, ಕಾಳು ಆರಿಸಿದ್ದು ಹೇಗೆ, ಬೀಸಿದ್ದು ಹೇಗೆ ಎಂದು ಎಲ್ಲರ ಮುಂದೆ ಕೇಳುತ್ತೇನೆ ಎಂದ.

ಮಾಬುಬಿ ತಟ್ಟನೆ ಎದ್ದು ಬಂದು ಕಂಬಿಯಾಚೆಯಿಂದ ಅವನ ಕೈ ಹಿಡಿದುಕೊಂಡಳು.

“ಆಕಿನ್ನ ಏನೂ ಕೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ. ನಾನ ಚೆಲ್ಲೇನಿ, ಬರಕೋರಿ.”

ಆಗ ಅವನಿಗೆ ಅರ್ಧ ಹೊಳೆಯಿತು. ಉಳಿದರ್ಧವನ್ನು ಅವಳೇ ಅಳುತ್ತ ಅಳುತ್ತ ಹೇಳಿದಳು.

ಡಬ್ಬಿ ಬಂದ ಮೇಲೆ ಅವಳ ಕೋಳಿಗೂಡಿನಲ್ಲಿ ಇಲಿಗಳಿಗೆ ಕೂಳು ತಪ್ಪಿತು. ಹಸಿದ ಇಲಿ ಊರು ಬಿಟ್ಟು ಹೋಗುತ್ತದೆಯೇ? ಗೋಡೆ ಕೊರೆದು ಪರಸಪ್ಪನ ಮನೆಗೆ ಹೋದವು. ಅವನ ಜೋಳದ ಚೀಲ ಹರಿದವು, ಕಂಬಳಿ ಕಡಿದವು. ನಿನ್ನ ಇಲಿ ನನ್ನ ಮನೆಗೆ ಅಟ್ಟಿದೆಯಲ್ಲ ಎಂದು ಅವನು ಗೋಡೆಯ ಬಳಿ ಕೂಗಾಡಿದ್ದು ಅದಕ್ಕೇ. ಕೂಗಾಡಿ ಮುಗಿದ ಮೇಲೆ ಇಬ್ಬರೂ ನಕ್ಕಿದ್ದರು. ಓಣಿಯವರು ಕೂಗನ್ನು ಕೇಳಿದರು, ನಗುವನ್ನು ಕೇಳಲಿಲ್ಲ. ಅವಳೇ ಒಳಗೆ ಹೋಗಿ ಉಳಿದಿದ್ದ ಪಾಷಾಣ ತಂದು ಕೊಟ್ಟಳು. ಅವನು ಬೇಕಾದಷ್ಟು ತೆಗೆದುಕೊಂಡು ಪುಡಿಕೆ ಹಿಂದಿರುಗಿಸಿದ. ಇಳಿಹೊತ್ತಿನಲ್ಲಿ ಒಂದಿಷ್ಟು ಜೋಳಕ್ಕೆ ಎಣ್ಣೆ ಹಾಗೂ ಪಾಷಾಣ ಹಚ್ಚಿ ಹಿತ್ತಲ ಗೋಡೆಗುಂಟ ಚೆಲ್ಲಿದ. ನಾಳೆ ಕೋಳಿ ಬಿಡಬೇಡ ಎಂದು ಅವಳಿಗೆ ಹೇಳಿದ.

ಮನೆಯಲ್ಲಿ ತಾಯಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಹಿತ್ತಲಲ್ಲಿ ಕಾಳು ಬೀಳುವುದು ನಿಂತು, ಅವ್ವ ಆರಿಸುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ನಸುಕಿನಲ್ಲಿ ಕಸಬರಿಗೆಗೆ ಕಾಳು ತಗಲಿದರೆ ಆ ಮುದುಕಿಯ ಕೈ ಸುಮ್ಮನಿರುವುದಿಲ್ಲ ಎಂಬುದನ್ನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಮರೆತಿದ್ದ.

ಬೆಳಗ್ಗೆ ಮಾಬುಬಿ ಎದ್ದಾಗ ಹಿತ್ತಲು ಸ್ವಚ್ಛವಿತ್ತು. ಇಲಿ ತಿಂದು ಹೋದವು ಎಂದುಕೊಂಡು ಆಕೆ ಸಮಾಧಾನಪಟ್ಟಿದ್ದಳು. ಪಲ್ಯದ ಬಟ್ಟಲು ಕೊಡಲು ಹೋದಾಗಲೂ ಗೊತ್ತಾಗಲಿಲ್ಲ. ಹೊಲದಿಂದ ಬಂದ ಗಾಡಿಯಲ್ಲಿ ಪರಸಪ್ಪ ಬಾಯಿ ತೆರೆದುಕೊಂಡು ಮಲಗಿದ್ದನ್ನು ಕಂಡಾಗ ಗೊತ್ತಾಯಿತು.

“ನನ್ನ ಗಂಡ ಸತ್ತಾಗ ಈ ರೇವವ್ವನ ನನ್ನ ಬಾಯಾಗ ತುತ್ತ ಇಟ್ಟಾಕಿ,” ಎಂದಳು. “ಮಗನ್ನ ತನ್ನ ಕೈಯಾರೆ ಕೊಂದೇನಿ ಅಂತ ಆಕಿಗೆ ಗೊತ್ತಾಗಬಾರದ್ರಿ. ಗೊತ್ತಾದ ದಿನ ಬಾವಿಗೆ ಬೀಳ್ತಾಳ. ನನಗ ಹಿಂದಿಲ್ಲ ಮುಂದಿಲ್ಲ. ಕೋಳಿ ಅಷ್ಟ ಯಾರಿಗರ ಕೊಡಿಸ್ರಿ.”

ಗುರಲಿಂಗಪ್ಪ ಅಲ್ಲೇ ಬೆಂಚಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಕೊಲೆಗಾರ ಇಲ್ಲದ ಕೊಲೆ ಇದು. ಹಿಡಿಯಲು ಕೈ ಇದೆ, ಆ ಕೈಗೆ ಬೇಡಿ ಹಾಕಿದರೆ ದೇವರೂ ಮೆಚ್ಚುವುದಿಲ್ಲ. ಇವಳನ್ನು ಬಿಟ್ಟರೆ ಆ ತಾಯಿಗೆ ಕಾರಣ ಹೇಳಬೇಕು. ಹೇಳದಿದ್ದರೆ ಇವಳು ಜೈಲಿನಲ್ಲಿ ಕೊಳೆಯಬೇಕು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ಒಳ್ಳೆಯ ಡಬ್ಬಿ ಆರಿಸಿದ್ದು, ಕೋಳಿಯ ಜೀವಕ್ಕೆ ಕಾಳಜಿ ಮಾಡಿದ್ದು, ಕಾಳು ಹಾಳಾಗಬಾರದೆಂದು ಹೆಕ್ಕಿದ್ದು, ಎಲ್ಲ ಒಳ್ಳೆಯದೇ ಸೇರಿಕೊಂಡು ಒಬ್ಬ ಗಟ್ಟಿಮುಟ್ಟಾದ ಹುಡುಗನನ್ನು ಮಣ್ಣಿಗೆ ಹಾಕಿತ್ತು. ಅವನಿಗೆ ಅಳು ಬಂತು. ಅಳಲಿಲ್ಲ, ಅಷ್ಟೇ.

ಆಗ ಅಮಸಿದ್ದ ಇಂಗಳೇಶ್ವರದಿಂದ ಸೈಕಲ್ ತುಳಿದುಕೊಂಡು ಬಂದ. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಮೇಜಿನ ಮೇಲೆ ಬಟ್ಟೆಯ ಗಂಟೊಂದನ್ನು ಇಟ್ಟ. ರೇವವ್ವ ಮಾಬುಬಿಗೆಂದು ಕಳಿಸಿದ ರೊಟ್ಟಿ ಎಂದ.

ಫೌಜದಾರ ತಲೆಯೆತ್ತಿದ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಇಷ್ಟು ದಿನ ಬೀಗರೇ ಬುತ್ತಿ ತರುತ್ತಿದ್ದರಲ್ಲ ಎಂದು ಕೇಳಿದ.

ನಿನ್ನೆಗೆ ದಿನದ ಕಾರ್ಯ ಮುಗಿಯಿತು ಎಂದ ಅಮಸಿದ್ದ. ಕಾಳಪ್ಪ, ಬೀಗರು ಎಲ್ಲ ಬೆಳಗಿನ ಬಸ್ಸಿಗೆ ಹೋದರು. ಮುದುಕಿ ಇವತ್ತು ತಾನೇ ಒಲೆ ಹಚ್ಚಿದಳು. ಗಡಿಗೆಯ ತಳದಲ್ಲಿ ಜೋಳ ಉಳಿದಿತ್ತು. ಅವತ್ತು ಮಗನೊಬ್ಬನಿಗೆ ಸಾಕೆಂದು ಅರ್ಧ ಬೀಸಿ ಅರ್ಧ ಇಟ್ಟಿದ್ದಳಂತೆ.

“ಆಕಿ ಕೋಳಿ ಚೆಲ್ಲಿದ ಕಾಳು ಆಕಿಗೇ ಮುಟ್ಟಲಿ ಅಂದ್ಲು ಸಾಹೇಬ್ರ. ಮಾಬುಬಿ ಮ್ಯಾಲೆ ಮುದುಕಿಗೆ ಸಂಶೇನ ಇಲ್ಲ.”

ಗುರಲಿಂಗಪ್ಪ ಗಂಟು ಬಿಚ್ಚಿದ. ರೊಟ್ಟಿ ಕಂದಿದ ಬಣ್ಣದ್ದಾಗಿತ್ತು. ಚಟ್ನಿಯಿಲ್ಲ, ಪಲ್ಯವಿಲ್ಲ, ಬರೀ ರೊಟ್ಟಿ. ಬೆಳ್ಳೊಳ್ಳಿಯ ವಾಸನೆ ಮೂಗಿಗೆ ಅಡರಿತು.

ಕಂಬಿಯ ಹಿಂದೆ ಮಾಬುಬಿ ಬಾಯಿಗೆ ಸೆರಗು ತುರುಕಿಕೊಂಡಳು. ಎಲ್ಲ ಕಾಳನ್ನೂ ಅವತ್ತೇ ಬೀಸಿ ಮುಗಿಸಿದ್ದಾಳೆಂದು ಆಕೆ ತಿಳಿದಿದ್ದಳು. ಅವಳು ಬಾಯಿ ಮುಚ್ಚಿಕೊಂಡು ಕಾಪಾಡಿದ ಗುಟ್ಟು ಗಡಿಗೆಯ ತಳದಲ್ಲಿ ಕೂತು ಕಾಯುತ್ತಿತ್ತು.

“ಮುದುಕಿ ಉಂಡ್ಲೇನು?”

ಇಲ್ಲ ಎಂದ ಅಮಸಿದ್ದ. ಇವತ್ತು ಸೋಮವಾರ. ದೀಪ ಹಚ್ಚಿದ ಮೇಲೆ ಉಣ್ಣುತ್ತೇನೆ ಎಂದಳಂತೆ.

ಹೊರಗೆ ಬಿಸಿಲು ಆಗಲೇ ಕೆಂಪಾಗುತ್ತಿತ್ತು. ಜೀಪು ಸಿಂದಗಿಯ ಬಂದೋಬಸ್ತಿಗೆ ಹೋಗಿತ್ತು. ಬಸ್ಸಿಗೆ ಕಾಯುವ ಹೊತ್ತಲ್ಲ. ಗುರಲಿಂಗಪ್ಪ ಲಾಕಪ್ಪಿನ ಬೀಗ ತೆಗೆದು ಮಾಬುಬಿಯನ್ನು ಹೊರಗೆ ಕರೆದ. ಇದು ಕಾಯಿದೆಗೆ ವಿರುದ್ಧ ಎಂದು ಅಮಸಿದ್ದ ಗೊಣಗಿದ. ಕಾಯಿದೆಗೆ ಆ ಮನೆಯ ಬಾಗಿಲು ಗೊತ್ತಿಲ್ಲ, ಇವಳಿಗೆ ಗೊತ್ತು, ಮುದುಕಿ ಇವಳ ಮಾತು ಕೇಳಿಯಾಳು ಎಂದು ಇವನು ಸಿಡುಕಿದ. ರಸ್ತೆಯಲ್ಲಿ ಅರಳೆ ಹೇರಿಕೊಂಡು ಹೊರಟಿದ್ದ ಲಾರಿಗೆ ಅಡ್ಡ ನಿಂತು ಇಬ್ಬರೂ ಹತ್ತಿದರು.

ದಾರಿಯುದ್ದಕ್ಕೂ ಮಾಬುಬಿ ಒಂದೇ ಮಾತು ಹೇಳಿದಳು. ಹಿಟ್ಟಿಗೆ ಹಲ್ಲಿ ಬಿದ್ದಿತ್ತು ಅಂತ ಹೇಳೋಣ, ಬೇರೆ ಏನೂ ಬೇಡ. ಅವನು ಹೂಂ ಎಂದ. ಆ ಸುಳ್ಳು ನಿಲ್ಲಲಿ ಎಂದು ಅವನು ಎಂದೂ ಬೇಡದ ದೇವರನ್ನು ಬೇಡಿಕೊಂಡ. ಎದುರಿನ ಗಾಜಿನಲ್ಲಿ ಸೂರ್ಯ ಇಳಿಯುತ್ತಿದ್ದ. ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತು ಅಂದು ಅವನಿಗೆ ಮೃತ್ಯುವಿನ ಹೊತ್ತಿನಂತೆ ಕಂಡಿತು.

ಇಂಗಳೇಶ್ವರದ ಓಣಿಯಲ್ಲಿ ಅವನು ಓಡಿದ. ಬಾಗಿಲು ತೆರೆದೇ ಇತ್ತು. ಗೂಡಿನಲ್ಲಿ ದೀಪ ಉರಿಯುತ್ತಿತ್ತು. ರೇವವ್ವ ಗಂಗಾಳದ ಮುಂದೆ ಕೂತು, ರೊಟ್ಟಿಯ ಮೊದಲ ಚೂರು ಮುರಿದು ಬಾಯಿಯ ಹತ್ತಿರ ಒಯ್ದಿದ್ದಳು.

ಬೂಟುಗಾಲಿನಲ್ಲೇ ಒಳನುಗ್ಗಿ ಗುರಲಿಂಗಪ್ಪ ಆ ಕೈಗೆ ಹೊಡೆದ. ಗಂಗಾಳ ಉರುಳಿತು. ರೊಟ್ಟಿ ನೆಲದ ಮೇಲೆ ಚೂರುಚೂರಾಗಿ ಚೆಲ್ಲಿತು.

ಮುದುಕಿ ಹೆದರಲಿಲ್ಲ, ಬೈಯಲಿಲ್ಲ. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ, ನೆಲ ತಡವುತ್ತ, ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಉಡಿಗೆ ಹಾಕಿಕೊಳ್ಳತೊಡಗಿದಳು. ಅವನು ಅವಳ ಎರಡೂ ಮುಂಗೈ ಹಿಡಿದುಕೊಂಡ. ಉಣಬೇಡ ಎಂದ; ಹಲ್ಲಿ ಬಿದ್ದಿತ್ತು ಎನ್ನುವ ಮೊದಲೇ ಆಕೆ ಬಾಯಿ ತೆರೆದಳು.

“ಅನ್ನ ಹಿಂಗ ಚೆಲ್ಲಬಾರದ್ರಿ ಸಾಹೇಬ್ರ,” ಎಂದಳು ರೇವವ್ವ. “ನಾ ಯಾಕ ಉಣಬಾರದು? ಕದ್ದ ಕಾಳಲ್ಲ. ಹಿತ್ತಲದಾಗ ಬಿದ್ದಿತ್ತು, ಆರಿಸೇನಿ. ನನ್ನ ಪರಸ್ಯಾನೂ ಇದನ್ನ ಉಂಡ…”

ಮಾತು ಅಲ್ಲಿಗೇ ನಿಂತಿತು.

ಅವನ ಮುಷ್ಟಿಯಲ್ಲಿ ಕೊಸರುತ್ತಿದ್ದ ಕೈಗಳು ಸುಮ್ಮನಾದವು. ಹೊರಗೆ ಹಿತ್ತಲ ಗೂಡಿನಲ್ಲಿ ಮಾಬುಬಿಯ ಕೋಳಿಗಳು ಮಲಗುವ ಮೊದಲಿನ ಸಣ್ಣ ಗಲಾಟೆ ನಡೆಸಿದ್ದವು. ರೇವವ್ವ ಅದನ್ನು ಕೇಳುತ್ತಿದ್ದಳು, ಒಂದೊಂದು ಕೋಳಿಯ ದನಿಯನ್ನೂ ಬೇರೆ ಬೇರೆಯಾಗಿ ಕೇಳುತ್ತಿದ್ದಳು. ಆಮೇಲೆ ಬಾಗಿಲಲ್ಲಿ ನಿಂತ ನೆರಳಿನ ಕಡೆ ನಿಧಾನವಾಗಿ ಮುಖ ತಿರುಗಿಸಿದಳು.

“ಮಾಬು,” ಎಂದಳು. “ಅವತ್ತ ಮುಂಜಾನಿ ಕೋಳಿ ಯಾಕ ಬಿಟ್ಟಿದ್ದಿಲ್ಲ?”